ದುಡ್ಡಿನ ಇಂಗ್ಲಿಷ್: ಯಾವ ಪದಕ್ಕೆ ಯಾವ ಜೋಡಿ

ಸಾಲ ಮಾಡುತ್ತೇವೆ, ಫೀಸು ಕಟ್ಟುತ್ತೇವೆ, ಚೀಟಿ ಎತ್ತುತ್ತೇವೆ, ಅಕೌಂಟಿಗೆ ದುಡ್ಡು ಹಾಕಿ ಎಟಿಎಂನಲ್ಲಿ ತೆಗೆಯುತ್ತೇವೆ, ಅಡವಿಟ್ಟ ಸರ ಬಿಡಿಸಿಕೊಳ್ಳುತ್ತೇವೆ. ಇದೇ ಮಾತನ್ನು ಇಂಗ್ಲಿಷಿನಲ್ಲಿ ಆಡಬೇಕಾದಾಗ ಲೋನ್, ಫೀಸ್, ಅಕೌಂಟ್ ಎಂಬ ಹೆಸರುಗಳಿಗೆ ಯಾರೂ ತಡಕಾಡುವುದಿಲ್ಲ. ಅವು ನಮ್ಮ ದಿನದ ಕನ್ನಡದಲ್ಲೇ ಸೇರಿಕೊಂಡಿವೆ. ತೊಡಕಾಗುವುದು ಅವುಗಳ ಜೊತೆಗೆ ಬರುವ ಕ್ರಿಯಾಪದದಲ್ಲಿ. ‘ಸಾಲ ಮಾಡಿದೆ’ ಎನ್ನಲು ‘ಐ ಮೇಡ್ ಎ ಲೋನ್’ ಎಂದರೆ ಕೇಳಿದವರಿಗೆ ‘ನಾನು ಸಾಲ ಕೊಟ್ಟೆ’ ಎಂದು ಅರ್ಥವಾಗುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ‘ಮೇಕ್ ಎ ಲೋನ್’ ಎಂಬುದು ಬ್ಯಾಂಕಿನ ಕೆಲಸ. ವ್ಯಾಕರಣ ಸರಿ, ಉಚ್ಚಾರ ಸರಿ, ಆದರೆ ಸಾಲಗಾರ ಸಾಹುಕಾರನಾಗಿಬಿಟ್ಟ.

ಬಿಡಿ ಪದಗಳ ಪಟ್ಟಿ ಬಾಯಿಪಾಠ ಮಾಡಿದರೆ ಈ ತೊಡಕು ಹೋಗುವುದಿಲ್ಲ. ಹೆಸರು, ಅದಕ್ಕೆ ಹೊಂದುವ ಕ್ರಿಯಾಪದ, ಆಮೇಲೆ ಬರುವ ‘ಆನ್’, ‘ಫ್ರಮ್’, ‘ಅಟ್’ ಥರದ ಸಣ್ಣ ಪದ, ಈ ಮೂರನ್ನೂ ಒಂದೇ ಗಂಟಾಗಿ ಕಲಿಯಬೇಕು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡಗಡೆ ನೀವು ಮನೆಯಲ್ಲಿ ಆಡುವಂಥ ಕನ್ನಡ ವಾಕ್ಯ, ಬಲಗಡೆ ಅದಕ್ಕೆ ಪೂರ್ತಿ ಇಂಗ್ಲಿಷ್ ವಾಕ್ಯ. ಬರೀ ‘ಲೋನ್ = ಸಾಲ’ ಎಂದು ಬರೆದ ಸಾಲಿನಿಂದ ಏನೂ ಸಿಗುವುದಿಲ್ಲ. ಉದಾಹರಣೆಯಲ್ಲಿ ನಿಮ್ಮದೇ ಮೊತ್ತ, ನಿಮ್ಮದೇ ತಾರೀಕು ಇರಲಿ. ದಿನಕ್ಕೆ ನಾಲ್ಕೈದು ಸಾಕು. ಒಂದೇ ಸಲ ಐವತ್ತು ಬರೆದವರು ಮರುದಿನ ನೋಟ್‌ಬುಕ್ ತೆರೆಯುವುದಿಲ್ಲ.

ಸಾಲ

ಮೊದಲು ಒಂದು ವಿಂಗಡಣೆ. ಕನ್ನಡದ ‘ಸಾಲ’ಕ್ಕೆ ಇಂಗ್ಲಿಷಿನಲ್ಲಿ ಎರಡು ಪದಗಳಿವೆ. ಇಂಥ ದಿನ, ಇಂಥವರಿಂದ, ಇಷ್ಟು ಎಂದು ಪಡೆದದ್ದು ‘ಲೋನ್’. ತಲೆಯ ಮೇಲಿರುವ ಒಟ್ಟು ಹೊರೆ ‘ಡೆಟ್’. ಲೋನ್ ಅನ್ನು ‘ಟೇಕ್ ಔಟ್’ ಮಾಡುತ್ತಾರೆ: ‘ವಿ ಟುಕ್ ಔಟ್ ಎ ಲೋನ್ ಫ್ರಮ್ ದ ಬ್ಯಾಂಕ್’. ಬರೀ ‘ಟುಕ್ ಎ ಲೋನ್’ ಎಂದರೂ ಭಾರತದಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಡೆಟ್ ಅನ್ನು ಹಾಗೆ ತೆಗೆದುಕೊಳ್ಳಲು ಬರುವುದಿಲ್ಲ, ಅದರೊಳಕ್ಕೆ ಹೋಗಬೇಕು. ‘ಗೆಟ್ ಇನ್‌ಟು ಡೆಟ್’ ಎಂದರೆ ಸಾಲಕ್ಕೆ ಬೀಳುವುದು, ‘ಬಿ ಡೀಪ್ ಇನ್ ಡೆಟ್’ ಎಂದರೆ ಸಾಲದಲ್ಲಿ ಮುಳುಗುವುದು, ‘ಗೆಟ್ ಔಟ್ ಆಫ್ ಡೆಟ್’ ಎಂದರೆ ಋಣಮುಕ್ತರಾಗುವುದು. ಕ್ರೆಡಿಟ್ ಕಾರ್ಡ್ ಉಜ್ಜಿ ಉಜ್ಜಿ ಸಾಲ ಬೆಳೆಸಿಕೊಂಡರೆ ‘ರನ್ ಅಪ್ ಡೆಟ್ಸ್’.

ಕೊಡುವವರಿಗೂ ಪಡೆಯುವವರಿಗೂ ಬೇರೆ ಬೇರೆ ಕ್ರಿಯಾಪದ. ಕೊಡುವುದು ‘ಲೆಂಡ್’, ಪಡೆಯುವುದು ‘ಬಾರೋ’. ‘ಹೀ ಲೆಂಟ್ ಮಿ ಟೂ ಥೌಸಂಡ್ ರುಪೀಸ್’, ‘ಐ ಬಾರೋಡ್ ಟೂ ಥೌಸಂಡ್ ರುಪೀಸ್ ಫ್ರಮ್ ಹಿಮ್’. ಕನ್ನಡದಲ್ಲಿ ‘ಅವನ ಹತ್ತಿರ ಸಾಲ ತಗೊಂಡೆ’ ಎನ್ನುವುದರಿಂದ ‘ಬಾರೋಡ್ ವಿತ್ ಹಿಮ್’ ಎಂಬ ತಪ್ಪು ಹುಟ್ಟುತ್ತದೆ. ಅಲ್ಲಿ ‘ಫ್ರಮ್’ ಬಿಟ್ಟು ಬೇರೆ ನಡೆಯದು. ‘ಬಾರೋ ಮಿ ಸಮ್ ಮನಿ’ ಎಂಬುದು ಅದಕ್ಕಿಂತ ದೊಡ್ಡ ತಪ್ಪು. ಕೇಳುವವರು ಹೇಳಬೇಕಾದದ್ದು ‘ಕುಡ್ ಯೂ ಲೆಂಡ್ ಮಿ ಸಮ್ ಮನಿ?’

ಬಾಕಿಗೆ ಇಂಗ್ಲಿಷಿನಲ್ಲಿ ಒಂದೇ ಅಕ್ಷರದಂತೆ ಕೇಳುವ ಚಿಕ್ಕ ಪದವಿದೆ: ‘ಓ’. ‘ನಾನು ಅಂಗಡಿಯವರಿಗೆ 500 ಕೊಡಬೇಕು’ ಎಂದರೆ ‘ಐ ಓ ದ ಶಾಪ್‌ಕೀಪರ್ ಫೈವ್ ಹಂಡ್ರೆಡ್ ರುಪೀಸ್’. ‘ನನಗೆ ಅವನಿಂದ 500 ಬರಬೇಕು’ ಎಂಬಲ್ಲಿ ವಾಕ್ಯವೇ ತಿರುಗುತ್ತದೆ; ಕೊಡಬೇಕಾದವನು ಮುಂದೆ ಬರುತ್ತಾನೆ: ‘ಹೀ ಓಸ್ ಮಿ ಫೈವ್ ಹಂಡ್ರೆಡ್’. ಕನ್ನಡದ ಕ್ರಮದಲ್ಲೇ ‘ಟು ಮಿ’ ಎಂದು ಶುರು ಮಾಡಿದರೆ ವಾಕ್ಯ ಮುಗಿಸಲು ದಾರಿ ಇರುವುದಿಲ್ಲ.

ಮನೆ ಸಾಲವೊಂದರ ಜಾಡು ಹಿಡಿದು ಹೋದರೆ ಬೇಕಾದ ಜೋಡಿಗಳೆಲ್ಲ ಸಾಲಾಗಿ ಸಿಗುತ್ತವೆ. ಮೊದಲು ‘ಅಪ್ಲೈ ಫಾರ್ ಎ ಲೋನ್’. ಇಲ್ಲಿ ‘ಫಾರ್’ ಬಿಡುವಂತಿಲ್ಲ. ಬ್ಯಾಂಕು ಒಪ್ಪಿದರೆ ‘ದ ಬ್ಯಾಂಕ್ ಅಪ್ರೂವ್ಡ್ ದ ಲೋನ್’. ನಮ್ಮ ಬ್ಯಾಂಕುಗಳ ಕಾಗದದಲ್ಲಿ ‘ಸ್ಯಾಂಕ್ಷನ್ಡ್’ ಎಂದಿರುತ್ತದೆ, ಭಾರತದೊಳಗೆ ಅದು ಸರಿ. ವಿದೇಶದವರ ಕಿವಿಗೆ ಸ್ಯಾಂಕ್ಷನ್ ಎಂದರೆ ದೇಶಗಳ ಮೇಲೆ ಹೇರುವ ನಿರ್ಬಂಧವೇ ಮೊದಲು ಹೊಳೆಯುತ್ತದೆ. ದುಡ್ಡು ಕೈಗೆ ಬರುವುದು ‘ಡಿಸ್ಬರ್ಸ್’. ಬಡ್ಡಿ ಹೇಳುವಾಗ ‘ಅಟ್’, ಅವಧಿ ಹೇಳುವಾಗ ‘ಓವರ್’: ‘ಎ ಲೋನ್ ಆಫ್ ಟೆನ್ ಲ್ಯಾಖ್ ರುಪೀಸ್ ಅಟ್ ನೈನ್ ಪರ್ಸೆಂಟ್ ಓವರ್ ಟ್ವೆಂಟಿ ಇಯರ್ಸ್’. ಈ ಲೆಕ್ಕಕ್ಕೆ ತಿಂಗಳ ಕಂತು 8,997 ರೂಪಾಯಿ, 240 ಕಂತು, ಒಟ್ಟು ಕಟ್ಟುವುದು 21.59 ಲಕ್ಷದಷ್ಟು. ಕಂತು ಕಟ್ಟುವುದು ‘ಪೇ ದ ಇನ್‌ಸ್ಟಾಲ್‌ಮೆಂಟ್’ ಅಥವಾ ‘ಮೇಕ್ ಎ ಪೇಮೆಂಟ್’. ಒಂದು ಕಂತು ತಪ್ಪಿದರೆ ‘ಮಿಸ್ ಎ ಪೇಮೆಂಟ್’. ಎರಡು ಮೂರು ತಪ್ಪಿ ಬಾಕಿ ಬೆಳೆದರೆ ‘ಫಾಲ್ ಬಿಹೈಂಡ್ ಆನ್ ದ ಪೇಮೆಂಟ್ಸ್’. ಕಟ್ಟುವುದನ್ನೇ ನಿಲ್ಲಿಸಿದರೆ ‘ಡಿಫಾಲ್ಟ್ ಆನ್ ದ ಲೋನ್’. ಕೊನೆಯ ಎರಡರಲ್ಲೂ ‘ಆನ್’ ಇದೆ ಎಂಬುದನ್ನು ಗುರುತು ಹಾಕಿಕೊಳ್ಳಿ.

ಅವಧಿಗೆ ಮೊದಲೇ ಕಟ್ಟುವುದು ‘ಪ್ರೀಪೇ’. ವ್ಯಕ್ತಿಗಳು ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಪಡೆದ, ಬಡ್ಡಿ ದರ ಬದಲಾಗುವ ಅವಧಿ ಸಾಲಕ್ಕೆ, ಅಂದರೆ ‘ಫ್ಲೋಟಿಂಗ್ ರೇಟ್ ಲೋನ್’ಗೆ, ಬ್ಯಾಂಕು ‘ಪ್ರೀಪೇಮೆಂಟ್ ಪೆನಾಲ್ಟಿ’ ಹಾಕುವಂತಿಲ್ಲ. ಕೌಂಟರಿನಲ್ಲಿ ಈ ಎರಡು ಜೋಡಿಗಳನ್ನು ಸರಿಯಾಗಿ ಹೇಳಲು ಬಂದರೆ ಅರ್ಧ ವಾದ ಮುಗಿದಂತೆ. ಪೂರ್ತಿ ತೀರಿಸುವುದು ‘ಪೇ ಆಫ್ ದ ಲೋನ್’. ‘ಪೇ ಬ್ಯಾಕ್’, ‘ರೀಪೇ’ ಎಂದರೆ ಮರಳಿ ಕಟ್ಟುವುದು, ಸ್ವಲ್ಪವೂ ಇರಬಹುದು. ‘ಪೇ ಆಫ್’ ಎಂದಾಗ ಮಾತ್ರ ಒಂದು ಪೈಸೆಯೂ ಉಳಿದಿಲ್ಲ ಎಂಬ ಅರ್ಥ ಬರುತ್ತದೆ. ‘ರಿಟರ್ನ್ಡ್ ಬ್ಯಾಕ್ ದ ಲೋನ್’ ಎಂದು ಹೇಳಬೇಡಿ. ‘ರಿಟರ್ನ್’ನಲ್ಲೇ ‘ಬ್ಯಾಕ್’ ಇದೆ, ಮೇಲಾಗಿ ಲೋನ್ ಜೊತೆ ‘ರಿಟರ್ನ್’ ಹೊಂದುವುದಿಲ್ಲ. ತೀರಿದ ಮೇಲೆ ‘ನೋ ಡ್ಯೂಸ್ ಸರ್ಟಿಫಿಕೇಟ್’ ಕೇಳಿ, ಜೊತೆಗೆ ‘ಪ್ಲೀಸ್ ರಿಲೀಸ್ ದ ಒರಿಜಿನಲ್ ಡಾಕ್ಯುಮೆಂಟ್ಸ್’ ಎಂದು ಬರೆದುಕೊಡಿ. ರಿಸರ್ವ್ ಬ್ಯಾಂಕಿನ ಆದೇಶದಂತೆ 2023ರ ಡಿಸೆಂಬರ್ 1ರಿಂದ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಕೊಡಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಪತ್ರದಲ್ಲಿ ‘ಗಿವ್ ಬ್ಯಾಕ್ ಮೈ ಪೇಪರ್ಸ್’ ಎಂಬುದಕ್ಕಿಂತ ‘ರಿಲೀಸ್’ ಎಂಬ ಪದಕ್ಕೆ ತೂಕ ಹೆಚ್ಚು, ಏಕೆಂದರೆ ಆದೇಶದ ಭಾಷೆಯೂ ಅದೇ.

ಒಡವೆ ಇಟ್ಟು ಸಾಲ ಪಡೆಯುವಾಗ ‘ಅಗೇನ್‌ಸ್ಟ್’ ಬೇಕು: ‘ಎ ಲೋನ್ ಅಗೇನ್‌ಸ್ಟ್ ಗೋಲ್ಡ್’. ನಿವೇಶನ, ಎಫ್‌ಡಿ, ವಿಮೆ ಪಾಲಿಸಿ ಯಾವುದಿದ್ದರೂ ಇದೇ ಪದ. ಬ್ಯಾಂಕಿನಲ್ಲಿ ಅಡವಿಡುವುದು ‘ಪ್ಲೆಡ್ಜ್’, ಗಿರವಿ ಅಂಗಡಿಯಲ್ಲಿಡುವುದು ‘ಪಾನ್’, ಬಿಡಿಸಿಕೊಳ್ಳುವುದು ಎರಡರಲ್ಲೂ ‘ರಿಡೀಮ್’. ಜಾಮೀನು ನಿಲ್ಲುವುದು ಇಂಗ್ಲಿಷಿನಲ್ಲೂ ನಿಲ್ಲುವುದೇ: ‘ಸ್ಟ್ಯಾಂಡ್ ಗ್ಯಾರಂಟರ್ ಫಾರ್ ಸಮ್‌ವನ್’. ಇಂಥ ಹೊಂದಿಕೆ ಅಪರೂಪ, ಸಿಕ್ಕಾಗ ಬಿಡಬಾರದು.

ಬಡ್ಡಿಯ ಮಾತಿನಲ್ಲಿ ಒಂದು ಅಪಾಯವಿದೆ. ಹಳ್ಳಿಯ ಲೇವಾದೇವಿಯಲ್ಲಿ ‘ನೂರಕ್ಕೆ ಮೂರು ರೂಪಾಯಿ ಬಡ್ಡಿ’ ಎಂದರೆ ತಿಂಗಳಿಗೆ. ಅದನ್ನು ‘ತ್ರೀ ಪರ್ಸೆಂಟ್ ಇಂಟರೆಸ್ಟ್’ ಎಂದರೆ ಇಂಗ್ಲಿಷಿನಲ್ಲಿ ಕೇಳುವವರು ವರ್ಷಕ್ಕೆ ಮೂರು ಎಂದುಕೊಂಡು ‘ಅಷ್ಟು ಅಗ್ಗಕ್ಕೆ ಯಾರು ಕೊಟ್ಟರು?’ ಎನ್ನುತ್ತಾರೆ. ‘ತ್ರೀ ಪರ್ಸೆಂಟ್ ಎ ಮಂತ್’ ಎಂದು ಬಿಡಿಸಿ ಹೇಳಿ. ವರ್ಷಕ್ಕೆ ಅದು ಶೇಕಡಾ 36. ಬಡ್ಡಿ ಹಾಕುವವರು ‘ಚಾರ್ಜ್ ಇಂಟರೆಸ್ಟ್ ಆನ್ ದ ಲೋನ್’, ಕಟ್ಟುವವರು ‘ಪೇ ಇಂಟರೆಸ್ಟ್ ಆನ್’, ಠೇವಣಿ ಇಟ್ಟು ಪಡೆಯುವವರು ‘ಅರ್ನ್ ಇಂಟರೆಸ್ಟ್ ಆನ್’. ಮೂರಕ್ಕೂ ‘ಆನ್’ ಒಂದೇ. ಅಸಲು ಎಂಬುದು ‘ಪ್ರಿನ್ಸಿಪಲ್’. ವ್ಯಾಪಾರದಲ್ಲಿ ‘ಅಸಲೂ ಹುಟ್ಟಲಿಲ್ಲ’ ಎನ್ನುವಾಗ ಮಾತ್ರ ಆ ಪದ ಬಿಟ್ಟು ‘ವಿ ಡಿಡ್‌ನ್ಟ್ ಈವನ್ ಬ್ರೇಕ್ ಈವನ್’ ಎನ್ನಬೇಕು.

ಏರು, ಏರಿಸು

ಇಂಗ್ಲಿಷ್ ಕಲಿಯುವವರನ್ನು ಎಲ್ಲೆಡೆ ಕಾಡುವ ‘ರೈಸ್’, ‘ರೇಸ್’ ಜೋಡಿ ಕನ್ನಡಿಗರಿಗೆ ಕಷ್ಟವಾಗಬಾರದು. ನಮ್ಮಲ್ಲಿ ‘ಇಸು’ ಇದೆ. ತಾನೇ ಏರಿದರೆ ‘ರೈಸ್’, ಯಾರೋ ಏರಿಸಿದರೆ ‘ರೇಸ್’. ‘ಬೆಲೆ ಏರಿತು’ ಎಂದರೆ ‘ಪ್ರೈಸಸ್ ರೋಸ್’, ‘ಹೋಟೆಲಿನವರು ಬೆಲೆ ಏರಿಸಿದರು’ ಎಂದರೆ ‘ದ ಹೋಟೆಲ್ ರೇಸ್ಡ್ ಇಟ್ಸ್ ಪ್ರೈಸಸ್’. ಇಳಿ ಎಂದರೆ ‘ಫಾಲ್’, ಇಳಿಸು ಎಂದರೆ ‘ಲೋವರ್’ ಅಥವಾ ‘ಕಟ್’. ಉಳಿ ಎಂಬುದಕ್ಕೆ ‘ಬಿ ಲೆಫ್ಟ್’, ಉಳಿಸು ಎಂಬುದಕ್ಕೆ ‘ಸೇವ್’: ‘ತಿಂಗಳ ಕೊನೆಗೆ ಏನೂ ಉಳಿಯಲ್ಲ’ ಎನ್ನಲು ‘ನಥಿಂಗ್ ಈಸ್ ಲೆಫ್ಟ್ ಅಟ್ ದ ಎಂಡ್ ಆಫ್ ದ ಮಂತ್’, ‘ಏನೂ ಉಳಿಸಲ್ಲ’ ಎನ್ನಲು ‘ಹೀ ಡಸ್‌ನ್ಟ್ ಸೇವ್ ಎನಿಥಿಂಗ್’. ಕನ್ನಡ ವಾಕ್ಯದಲ್ಲಿ ‘ಇಸು’ ಇದೆಯೇ ಎಂದು ನೋಡಿಕೊಂಡರೆ ಸರಿಯಾದ ಇಂಗ್ಲಿಷ್ ಕ್ರಿಯಾಪದ ತಾನಾಗಿ ಬರುತ್ತದೆ. ಚಂದಾ ಎತ್ತುವುದಕ್ಕೂ ‘ರೇಸ್’ ಹೊಂದುತ್ತದೆ: ‘ದೇ ರೇಸ್ಡ್ ಮನಿ ಫಾರ್ ದ ಟೆಂಪಲ್’.

ಆಗು, ಮಾಡು ಜೋಡಿಯೂ ಹೀಗೇ ಕೆಲಸಕ್ಕೆ ಬರುತ್ತದೆ. ‘ಮದುವೆಗೆ ಹತ್ತು ಲಕ್ಷ ಖರ್ಚಾಯಿತು’ ಎನ್ನುವಾಗ ಮದುವೆಯೇ ಕರ್ತೃ: ‘ದ ವೆಡ್ಡಿಂಗ್ ಕಾಸ್ಟ್ ಅಸ್ ಟೆನ್ ಲ್ಯಾಖ್’. ‘ಹತ್ತು ಲಕ್ಷ ಖರ್ಚು ಮಾಡಿದೆವು’ ಎನ್ನುವಾಗ ನಾವು: ‘ವಿ ಸ್ಪೆಂಟ್ ಟೆನ್ ಲ್ಯಾಖ್ ಆನ್ ದ ವೆಡ್ಡಿಂಗ್’. ಕನ್ನಡದ ‘ಮದುವೆಗೆ’ ಎಂಬುದರ ‘ಗೆ’ ನಮ್ಮನ್ನು ‘ಫಾರ್’ ಕಡೆಗೆ ಎಳೆಯುತ್ತದೆ, ಆದರೆ ‘ಸ್ಪೆಂಡ್’ ಜೊತೆಗೂ ‘ವೇಸ್ಟ್’ ಜೊತೆಗೂ ‘ಆನ್’ ಬರಬೇಕು. ‘ಇನ್ವೆಸ್ಟ್’ ಜೊತೆಗೆ ‘ಇನ್’. ‘ಕಾಸ್ಟ್’ ಎಂಬ ಕ್ರಿಯಾಪದಕ್ಕೆ ಈ ಅರ್ಥದಲ್ಲಿ ಭೂತಕಾಲದಲ್ಲೂ ರೂಪ ಬದಲಾಗುವುದಿಲ್ಲ, ‘ಕಾಸ್ಟೆಡ್’ ಎನ್ನಬೇಡಿ.

ಅಂಗಡಿಯಲ್ಲಿ, ಹೋಟೆಲಿನಲ್ಲಿ

‘ಎಷ್ಟಾಯ್ತು?’ ಎಂದು ಕೇಳಲು ‘ಹೌ ಮಚ್ ಈಸ್ ಇಟ್?’ ಅಥವಾ ‘ಹೌ ಮಚ್ ಡು ಐ ಓ ಯೂ?’ ಸಾಕು. ಬೆಲೆ ‘ಹೈ’ ಅಥವಾ ‘ಲೋ’ ಇರುತ್ತದೆ, ವಸ್ತು ‘ಎಕ್ಸ್‌ಪೆನ್ಸಿವ್’ ಅಥವಾ ‘ಚೀಪ್’ ಇರುತ್ತದೆ. ‘ಎಕ್ಸ್‌ಪೆನ್ಸಿವ್ ಪ್ರೈಸ್’ ಎಂಬ ಜೋಡಿ ಕೂಡುವುದಿಲ್ಲ. ‘ಚೀಪ್’ಗೆ ಕಳಪೆ ಎಂಬ ಅರ್ಥದ ಸುಳಿವೂ ಇರುವುದರಿಂದ, ಯಾರೋ ಉಡುಗೊರೆ ಕೊಟ್ಟ ಸೀರೆಯ ಬಗ್ಗೆ ಹೇಳುವಾಗ ‘ರೀಸನಬಲ್ ಪ್ರೈಸ್’ ಎನ್ನುವುದು ಕ್ಷೇಮ. ‘ನಮ್ಮ ಕೈಗೆಟುಕಲ್ಲ’ ಎಂದರೆ ‘ವಿ ಕಾಂಟ್ ಅಫೋರ್ಡ್ ಇಟ್’. ‘ಕ್ಯಾನ್’ ಅಥವಾ ‘ಕುಡ್’ ಇಲ್ಲದ ‘ಐ ಡೋಂಟ್ ಅಫೋರ್ಡ್’ ತಪ್ಪು.

‘ಪೇ’ ಮತ್ತು ‘ಪೇ ಫಾರ್’ ಬೇರೆ. ದುಡ್ಡು ಯಾರಿಗೆ ಹೋಗುತ್ತದೋ ಅವರನ್ನು, ಯಾವ ಬಿಲ್ಲು ತೀರುತ್ತದೋ ಅದನ್ನು ನೇರವಾಗಿ ‘ಪೇ’ ಮಾಡುತ್ತೇವೆ: ‘ಪೇ ದ ಡ್ರೈವರ್’, ‘ಪೇ ದ ಬಿಲ್’, ‘ಪೇ ದ ಫೀಸ್’. ದುಡ್ಡಿಗೆ ಬದಲಾಗಿ ಸಿಗುವ ವಸ್ತುವಿಗೆ ‘ಫಾರ್’: ‘ಪೇ ಫಾರ್ ದ ಕಾಫಿ’. ‘ಐ ಪೇಯ್ಡ್ ದ ಕಾಫಿ’ ಎಂದರೆ ಕಾಫಿಗೇ ಸಂಬಳ ಕೊಟ್ಟಂತೆ. ನಗದು ‘ಇನ್ ಕ್ಯಾಶ್’, ಕಾರ್ಡು ‘ಬೈ ಕಾರ್ಡ್’, ಉದ್ರಿ ‘ಆನ್ ಕ್ರೆಡಿಟ್’, ಕಂತು ‘ಇನ್ ಇನ್‌ಸ್ಟಾಲ್‌ಮೆಂಟ್ಸ್’. ಬಿಲ್ಲನ್ನು ಹಂಚಿಕೊಳ್ಳುವುದು ‘ಸ್ಪ್ಲಿಟ್ ದ ಬಿಲ್’.

ಚಿಲ್ಲರೆ ‘ಚೇಂಜ್’, ಎಷ್ಟೇ ನಾಣ್ಯಗಳಿದ್ದರೂ ‘ಚೇಂಜಸ್’ ಆಗುವುದಿಲ್ಲ. ‘ಡು ಯೂ ಹ್ಯಾವ್ ಚೇಂಜ್ ಫಾರ್ ಫೈವ್ ಹಂಡ್ರೆಡ್?’ ನೋಟು ಮುರಿಸುವುದು ಇಂಗ್ಲಿಷಿನಲ್ಲೂ ‘ಬ್ರೇಕ್ ಎ ನೋಟ್’. ಐವತ್ತು ರೂಪಾಯಿ ಕಡಿಮೆ ಬಿದ್ದರೆ ‘ಐಯಾಮ್ ಫಿಫ್ಟಿ ರುಪೀಸ್ ಶಾರ್ಟ್’. ‘ಮನಿ ಈಸ್ ಲೆಸ್’ ಬೇಡ. ನೋಟಿನ ಹೆಸರು ಹೇಳುವಾಗ ರುಪೀಗೆ ಬಹುವಚನ ಇಲ್ಲ, ‘ಎ ಫೈವ್ ಹಂಡ್ರೆಡ್ ರುಪೀ ನೋಟ್’.

ಬ್ಯಾಂಕಿನಲ್ಲಿ

ತೆಗೆಯುವುದು ‘ವಿತ್‌ಡ್ರಾ’ ಅಥವಾ ‘ಟೇಕ್ ಔಟ್’. ‘ರಿಮೂವ್’ ಎಂದರೆ ಕಸ ತೆಗೆದಂತೆ ಕೇಳುತ್ತದೆ. ಹಾಕುವುದು ನಮ್ಮದೇ ಖಾತೆಗಾದರೆ ‘ಡಿಪಾಸಿಟ್ ಇನ್‌ಟು’, ಇನ್ನೊಬ್ಬರಿಗಾದರೆ ‘ಟ್ರಾನ್ಸ್‌ಫರ್ ಟು’. ಎಫ್‌ಡಿ ಮಾಡಿಸುವುದು ‘ಓಪನ್ ಎ ಫಿಕ್ಸೆಡ್ ಡಿಪಾಸಿಟ್’, ಅವಧಿ ಮುಗಿಯುವುದು ‘ಮೆಚ್ಯೂರ್’, ಮಧ್ಯದಲ್ಲೇ ಮುರಿಯುವುದು ‘ಬ್ರೇಕ್’. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸುವುದು ‘ಗೆಟ್ ದ ಪಾಸ್‌ಬುಕ್ ಅಪ್‌ಡೇಟೆಡ್’.

‘ಕ್ರೆಡಿಟ್’, ‘ಡೆಬಿಟ್’ ಎರಡು ರೀತಿಯಲ್ಲಿ ನಡೆಯುತ್ತವೆ, ಬ್ಯಾಂಕಿನ ಮೆಸೇಜಿನಲ್ಲಿ ಎರಡೂ ಕಾಣುವುದರಿಂದ ಗೊಂದಲ. ದುಡ್ಡು ಮುಂದಿದ್ದರೆ: ‘ಟೆನ್ ಥೌಸಂಡ್ ರುಪೀಸ್ ವಾಸ್ ಕ್ರೆಡಿಟೆಡ್ ಟು ಮೈ ಅಕೌಂಟ್’, ‘ವಾಸ್ ಡೆಬಿಟೆಡ್ ಫ್ರಮ್ ಮೈ ಅಕೌಂಟ್’. ಖಾತೆ ಮುಂದಿದ್ದರೆ: ‘ಮೈ ಅಕೌಂಟ್ ವಾಸ್ ಕ್ರೆಡಿಟೆಡ್ ವಿತ್ ಟೆನ್ ಥೌಸಂಡ್ ರುಪೀಸ್’. ಒಂದರ ತಲೆಗೆ ಇನ್ನೊಂದರ ಬಾಲ ಜೋಡಿಸಿದಾಗ ತಪ್ಪಾಗುತ್ತದೆ.

ಎಟಿಎಂನಲ್ಲಿ ದುಡ್ಡು ಬಾರದೆ ಖಾತೆಯಿಂದ ಮಾತ್ರ ಕಡಿತವಾದಾಗ ಬರೆಯಬೇಕಾದ ದೂರು ನಾಲ್ಕು ವಾಕ್ಯದ್ದು: ‘ಆನ್ 5 ಜೂನ್, ಐ ಟ್ರೈಡ್ ಟು ವಿತ್‌ಡ್ರಾ 5,000 ರುಪೀಸ್ ಫ್ರಮ್ ಯುವರ್ ಎಟಿಎಂ. ದ ಮಷೀನ್ ಡಿಡ್ ನಾಟ್ ಡಿಸ್ಪೆನ್ಸ್ ಎನಿ ಕ್ಯಾಶ್. ಹೌಎವರ್, ದ ಅಮೌಂಟ್ ವಾಸ್ ಡೆಬಿಟೆಡ್ ಫ್ರಮ್ ಮೈ ಅಕೌಂಟ್. ಪ್ಲೀಸ್ ರಿವರ್ಸ್ ದ ಟ್ರಾನ್ಸಾಕ್ಷನ್.’ ಇಲ್ಲಿ ‘ಡಿಸ್ಪೆನ್ಸ್ ಕ್ಯಾಶ್’ ಮತ್ತು ‘ರಿವರ್ಸ್ ದ ಟ್ರಾನ್ಸಾಕ್ಷನ್’ ಎಂಬ ಎರಡು ಜೋಡಿಗಳೇ ಮುಖ್ಯ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ವ್ಯವಹಾರದ ದಿನ ಬಿಟ್ಟು 5 ದಿನಗಳೊಳಗೆ ದುಡ್ಡು ತಾನಾಗಿ ಮರಳಬೇಕು, ಆಮೇಲೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು. ಪರಿಹಾರ ಕೇಳಲು ಐದನೇ ವಾಕ್ಯ ಸೇರಿಸಿ: ‘ಪ್ಲೀಸ್ ಆಲ್ಸೋ ಪೇ ದ ಕಾಂಪೆನ್ಸೇಷನ್ ಡ್ಯೂ ಫಾರ್ ದ ಡಿಲೇ’. ‘ರಿಫಂಡ್ ಬ್ಯಾಕ್’ ಎಂಬುದು ಇಂಥ ದೂರುಗಳಲ್ಲಿ ಧಾರಾಳವಾಗಿ ಕಾಣುವ ತಪ್ಪು. ಗ್ರಾಹಕರು ‘ಗೆಟ್ ಎ ರಿಫಂಡ್’ ಮಾಡುತ್ತಾರೆ, ಕಂಪನಿ ‘ಇಶ್ಯೂ ಎ ರಿಫಂಡ್’ ಮಾಡುತ್ತದೆ, ‘ಬ್ಯಾಕ್’ ಎಲ್ಲೂ ಬೇಡ.

ಚೆಕ್ಕನ್ನು ‘ರೈಟ್’ ಮಾಡುತ್ತಾರೆ, ಮೊತ್ತಕ್ಕೆ ‘ಫಾರ್’, ವ್ಯಕ್ತಿಗೆ ‘ಟು’. ಅರ್ಜಿಯ ಭಾಷೆಯಲ್ಲಿ ‘ಇನ್ ಫೇವರ್ ಆಫ್’. 2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಸ್ಸು ಬರೆದ ತಾರೀಕಿನಿಂದ ಮೂರು ತಿಂಗಳು, ಮೀರಿದ್ದು ‘ಸ್ಟೇಲ್ ಚೆಕ್’. ಮುಂದಿನ ತಾರೀಕು ಹಾಕಿ ಕೊಟ್ಟದ್ದು ‘ಪೋಸ್ಟ್ ಡೇಟೆಡ್ ಚೆಕ್’. ಮಾತಿನಲ್ಲಿ ‘ದ ಚೆಕ್ ಬೌನ್ಸ್ಡ್’ ಎಂದರೆ ಸಾಕು, ‘ಗಾಟ್ ಬೌನ್ಸ್’ ತಪ್ಪು. ಲಾಯರ್ ನೋಟಿಸಿನಲ್ಲಿ ‘ಬೌನ್ಸ್’ ಬದಲು ‘ಡಿಸ್ಆನರ್ಡ್’ ಬರುತ್ತದೆ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಶೀರ್ಷಿಕೆಯ ಪದ ಅದು. ಬ್ಯಾಂಕಿನಿಂದ ತಿಳಿವಳಿಕೆ ಬಂದ 30 ದಿನಗಳೊಳಗೆ ನೋಟಿಸ್ ಹೋಗಬೇಕು, ನೋಟಿಸ್ ತಲುಪಿದ ಮೇಲೆ ದುಡ್ಡು ಕೊಡಲು 15 ದಿನ ಇರುತ್ತದೆ. ನೋಟಿಸ್ ಓದುವಾಗ ಈ ಅಂಕಿಗಳ ಹಿಂದೆ ‘ವಿದಿನ್’ ಇದೆಯೇ ‘ಆಫ್ಟರ್’ ಇದೆಯೇ ಎಂದು ನೋಡಿ.

ಚೀಟಿ

ಇಂಗ್ಲಿಷಿನವರಿಗೆ ಚೀಟಿ ವ್ಯವಹಾರ ಗೊತ್ತಿಲ್ಲ, ಆದ್ದರಿಂದ ನಮ್ಮ ಪದಗಳೇ ಅಲ್ಲಿಗೆ ಹೋಗಿವೆ. ಬೆಂಗಳೂರಿನ ಮಾತಿನ ‘ಲಿಫ್ಟ್ ದ ಚಿಟ್’ ನೇರವಾಗಿ ‘ಚೀಟಿ ಎತ್ತು’. 1982ರ ಚಿಟ್ ಫಂಡ್ಸ್ ಕಾಯ್ದೆಯ ಪದಗಳು ಬೇರೆ: ನಡೆಸುವವರು ‘ಫೋರ್‌ಮನ್’, ಸದಸ್ಯರು ‘ಸಬ್‌ಸ್ಕ್ರೈಬರ್’, ಎತ್ತಿದವರು ‘ಪ್ರೈಜ್ಡ್ ಸಬ್‌ಸ್ಕ್ರೈಬರ್’, ಅವರ ಕೈಗೆ ಬರುವುದು ‘ನೆಟ್ ಚಿಟ್ ಅಮೌಂಟ್’ (2019ರ ತಿದ್ದುಪಡಿಗೆ ಮೊದಲು ‘ಪ್ರೈಜ್ ಅಮೌಂಟ್’ ಎಂದಿತ್ತು). 20 ಜನರ, ತಿಂಗಳಿಗೆ 5,000ದ, ಒಂದು ಲಕ್ಷದ ಚೀಟಿ ಎಂದುಕೊಳ್ಳಿ. ಒಬ್ಬರು 25,000 ಕಳೆದು ಕೂಗಿದರು. ಅದು ‘ಡಿಸ್ಕೌಂಟ್’, ‘ಶೀ ಬಿಡ್ ಫಾರ್ ದ ಚಿಟ್ ಅಟ್ ಎ ಡಿಸ್ಕೌಂಟ್ ಆಫ್ ಟ್ವೆಂಟಿಫೈವ್ ಥೌಸಂಡ್’. ಅವರಿಗೆ ಸಿಗುವುದು 75,000. ಫೋರ್‌ಮನ್ ಕಮಿಷನ್ ಶೇಕಡಾ 5 ಇದ್ದರೆ 5,000 ಹೋಗುತ್ತದೆ. 2019ರ ತಿದ್ದುಪಡಿಯ ನಂತರ ಶೇಕಡಾ 7ರವರೆಗೂ ಪಡೆಯಬಹುದು. ಉಳಿದ 20,000 ಇಪ್ಪತ್ತು ಜನಕ್ಕೆ ಹಂಚಿದರೆ ತಲಾ 1,000, ಅಂದರೆ ಆ ತಿಂಗಳು ಪ್ರತಿಯೊಬ್ಬರೂ ಕಟ್ಟುವುದು 4,000. ಚೀಟಿ ಗೊತ್ತಿಲ್ಲದವರಿಗೆ ಹೇಳುವಾಗ ಕಾಯ್ದೆಯ ಪದಗಳನ್ನು ಬದಿಗಿಟ್ಟು ಈ ಲೆಕ್ಕವನ್ನೇ ಹೇಳಿ.

ಸಂಬಳ

‘ಸಂಬಳ ಬಂತು’ ಎನ್ನಲು ‘ಐ ಗಾಟ್ ಪೇಯ್ಡ್’. ಸಂಬಳ ‘ಹೈ’, ‘ಗುಡ್’, ‘ಲೋ’ ಇರುತ್ತದೆ. ದುಡಿದು ಬಂದದ್ದು ‘ಅರ್ನ್’, ಲಾಟರಿಯಲ್ಲಿ ಬಂದದ್ದು ‘ವಿನ್’, ವ್ಯಾಪಾರದಲ್ಲೋ ಹೇಗೋ ಮಾಡಿಕೊಂಡದ್ದು ‘ಮೇಕ್’. ‘ಗೇನ್ ಮನಿ’ ಎಂಬುದನ್ನು ಮರೆತುಬಿಡಿ. ಎಡವಟ್ಟಾಗುವುದು ‘ಕಟ್’ ವಿಷಯದಲ್ಲಿ: ಎರಡು ದಿನ ರಜೆ ಹಾಕಿದ್ದಕ್ಕೆ ‘ಸಂಬಳ ಕಟ್ ಮಾಡಿದರು’ ಎಂದು ‘ದೇ ಕಟ್ ಮೈ ಸ್ಯಾಲರಿ’ ಎಂದರೆ ಸಂಬಳವನ್ನೇ ಇಳಿಸಿದರು ಎಂದಾಗುತ್ತದೆ, ಕೇಳಿದವರು ಸಂತಾಪ ಸೂಚಿಸುತ್ತಾರೆ. ಹೇಳಬೇಕಾದದ್ದು ‘ದೇ ಡಿಡಕ್ಟೆಡ್ ಟೂ ಡೇಸ್ ಪೇ’. ಆದಾಯ ತೆರಿಗೆ, ಪಿಎಫ್ ಹಿಡಿದುಕೊಳ್ಳುವುದೂ ‘ಡಿಡಕ್ಟ್’. ಕೈಯಿಂದ ಹಾಕಿದ ಆಫೀಸಿನ ಖರ್ಚು ಮರಳಿ ಪಡೆಯುವುದು ‘ಗೆಟ್ ರೀಇಂಬರ್ಸ್ಡ್ ಫಾರ್’.

ಲಕ್ಷ, ಕೋಟಿ

ನಿಖರ ಸಂಖ್ಯೆ ಜೊತೆಗಿದ್ದರೆ ‘ಫೈವ್ ಲ್ಯಾಖ್ ರುಪೀಸ್’, ಲ್ಯಾಖ್‌ಗೆ ‘ಸ್’ ಬೇಡ. ಲೆಕ್ಕವಿಲ್ಲದ ಲಕ್ಷಗಳಿಗೆ ‘ಲ್ಯಾಖ್ಸ್ ಆಫ್ ರುಪೀಸ್’. ಒಂದೂವರೆ ಲಕ್ಷ ‘ಒನ್ ಅಂಡ್ ಎ ಹಾಫ್ ಲ್ಯಾಖ್’, ಆ ‘ಎ’ ನುಂಗಬಾರದು. ವಿದೇಶದವರ ಜೊತೆ ಮಾತಾಡುವಾಗ 10 ಲಕ್ಷ ಒಂದು ಮಿಲಿಯನ್, 1 ಕೋಟಿ ಹತ್ತು ಮಿಲಿಯನ್, 100 ಕೋಟಿ ಒಂದು ಬಿಲಿಯನ್, ಒಂದು ಲಕ್ಷ ಕೋಟಿ ಒಂದು ಟ್ರಿಲಿಯನ್. ಅಲ್ಪವಿರಾಮದ ಜಾಗವೂ ಬದಲಾಗುತ್ತದೆ: ನಾವು 25,00,000 ಎಂದು ಬರೆಯುವುದನ್ನು ಅವರು 2,500,000 ಎಂದು ಬರೆಯುತ್ತಾರೆ. ಒಂದೇ ಪತ್ರದಲ್ಲಿ ಎರಡು ಪದ್ಧತಿ ಬೆರೆಸಿದರೆ ಓದುವವರು ಸೊನ್ನೆ ಎಣಿಸುತ್ತಾ ಕೂರಬೇಕು.

ಇಲ್ಲೊಂದು ಅರ್ಥ, ಅಲ್ಲೊಂದು

ಕೆಲವು ಜೋಡಿಗಳು ಇಲ್ಲಿ ಸರಾಗವಾಗಿ ನಡೆದು ವಿಮಾನ ಇಳಿದ ಕೂಡಲೇ ಅರ್ಥ ಬದಲಿಸುತ್ತವೆ. ನಮ್ಮ ಬ್ಯಾಂಕುಗಳಲ್ಲಿ ‘ಫೋರ್‌ಕ್ಲೋಸ್ ದ ಲೋನ್’ ಎಂದರೆ ಗ್ರಾಹಕರೇ ಅವಧಿಗೆ ಮೊದಲು ಸಾಲ ತೀರಿಸಿಬಿಡುವುದು, ಹೆಮ್ಮೆಯ ಸಂಗತಿ. ಅಮೆರಿಕದಲ್ಲಿ ‘ಫೋರ್‌ಕ್ಲೋಷರ್’ ಎಂದರೆ ಕಂತು ಕಟ್ಟದವರ ಮನೆಯನ್ನು ಸಾಲ ಕೊಟ್ಟವರು ವಶಪಡಿಸಿಕೊಳ್ಳುವುದು. ಅಲ್ಲಿನ ನೆಂಟರಿಗೆ ‘ವಿ ಪೇಯ್ಡ್ ಆಫ್ ದ ಹೋಮ್ ಲೋನ್ ಅರ್ಲಿ’ ಎಂದು ಹೇಳಿ.

ಬೆಂಗಳೂರಿನ ‘ಲೀಸ್’ ಕೂಡ ಇಂಥದ್ದೇ. ಭೋಗ್ಯಕ್ಕೆ ಮನೆ ಹಿಡಿಯುವುದು, ಅಂದರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಪೂರ್ತಿ ಮೊತ್ತ ವಾಪಸು ಪಡೆಯುವುದು, ಹೊರಗಿನವರ ‘ಲೀಸ್’ನಲ್ಲಿ ಇಲ್ಲ, ಅವರಿಗೆ ಅದು ಬಾಡಿಗೆ ಕರಾರು ಮಾತ್ರ. ‘ವಿ ಪೇಯ್ಡ್ ಎ ಲಂಪ್ ಸಮ್, ಲಿವ್ ರೆಂಟ್ ಫ್ರೀ, ಅಂಡ್ ಗೆಟ್ ದ ಹೋಲ್ ಅಮೌಂಟ್ ಬ್ಯಾಕ್’ ಎಂದು ಬಿಡಿಸಬೇಕು. ಬಾಡಿಗೆ ಮನೆಗೆ ಕೊಡುವ ‘ಅಡ್ವಾನ್ಸ್’ ಅವರಿಗೆ ‘ಸೆಕ್ಯೂರಿಟಿ ಡಿಪಾಸಿಟ್’. ಮನೆ ಬಿಡುವಾಗ ಬಣ್ಣ ಬಳಿಸುವ ನೆಪದಲ್ಲಿ ಅದರಿಂದ ಮುರಿದುಕೊಳ್ಳುವುದಕ್ಕೆ ‘ಡಿಡಕ್ಟ್ ಫ್ರಮ್ ದ ಡಿಪಾಸಿಟ್’.

ಕೈಗಡಕ್ಕೆ ನಾವು ಬಳಸುವ ‘ಹ್ಯಾಂಡ್ ಲೋನ್’ ಭಾರತದಾಚೆ ಅರ್ಥವಾಗದು, ‘ಐ ಬಾರೋಡ್ ಸಮ್ ಮನಿ ಫ್ರಮ್ ಎ ಫ್ರೆಂಡ್’ ಸಾಕು. ಸಂಬಳದ ‘ಹೈಕ್’ ಅಮೆರಿಕದಲ್ಲಿ ‘ರೇಸ್’, ಬ್ರಿಟನ್ನಿನಲ್ಲಿ ‘ಪೇ ರೈಸ್’. ಅಮೆರಿಕದಲ್ಲಿ ನೋಟನ್ನೇ ‘ಬಿಲ್’ ಎನ್ನುವುದರಿಂದ ‘ಎ ಟ್ವೆಂಟಿ ಡಾಲರ್ ಬಿಲ್’ ಎಂದರೆ ಇಪ್ಪತ್ತರ ನೋಟು, ಹೋಟೆಲಿನ ಬಿಲ್ಲು ‘ಚೆಕ್’. ಕರೆಂಟ್ ಅಕೌಂಟಿಗೆ ಹತ್ತಿರದ್ದು ಅಲ್ಲಿ ‘ಚೆಕಿಂಗ್ ಅಕೌಂಟ್’. ‘ಫಾರ್ ಸೇಲ್’ ಎಂದರೆ ಎಲ್ಲೆಡೆ ಮಾರಾಟಕ್ಕಿದೆ ಎಂದೇ ಅರ್ಥ. ‘ಆನ್ ಸೇಲ್’ ಎಂಬ ಬೋರ್ಡು ಅಮೆರಿಕದ ಅಂಗಡಿಯಲ್ಲಿ ಕಂಡರೆ ಬೆಲೆ ಇಳಿಸಿದ್ದಾರೆ ಎಂದರ್ಥ.

ಜೋಡಿ ಸರಿಯೋ ಅಲ್ಲವೋ ಎಂಬ ಅನುಮಾನ ಬಂದಾಗ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ, ಉದ್ಧರಣ ಚಿಹ್ನೆಯೊಳಗೆ ಇಟ್ಟು ಹುಡುಕಿ. ಎಷ್ಟು ಫಲಿತಾಂಶ ಬಂತು ಎಂಬ ಅಂಕಿ ನಂಬಬೇಡಿ. ಯಾವ ದೇಶದ ಪತ್ರಿಕೆ, ಯಾವ ಬ್ಯಾಂಕಿನ ಪುಟದಲ್ಲಿ ಆ ಜೋಡಿ ಬಂದಿದೆ, ಯಾವ ಅರ್ಥದಲ್ಲಿ ಬಂದಿದೆ ಎಂದು ನಾಲ್ಕಾರು ವಾಕ್ಯ ಓದಿ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ ಹೆಸರಿನ ಕೆಳಗೆ ಹೊಂದುವ ಕ್ರಿಯಾಪದಗಳನ್ನೂ ಕೊಟ್ಟಿರುತ್ತಾರೆ, ಅರ್ಥಕ್ಕಿಂತ ಮೊದಲು ಆ ಸಾಲಿನ ಮೇಲೆ ಕಣ್ಣು ಹಾಯಿಸಿ.

ಉಚ್ಚಾರದಲ್ಲಿ ಮೂರು ಅಕ್ಷರಗಳು ಬರೆದಿದ್ದರೂ ಬಾಯಿಗೆ ಬರುವುದಿಲ್ಲ. ‘ಡೆಟ್’ನ ‘ಬಿ’, ‘ರಿಸೀಟ್’ನ ‘ಪಿ’, ‘ಮಾರ್ಗೇಜ್’ನ ನಡುವಿನ ‘ಟಿ’. ‘ಡೆಬ್ಟ್’ ಎಂದು ಒತ್ತಿ ಹೇಳಿದರೆ ಕೌಂಟರಿನವರು ಡೆಬಿಟ್ ಎಂದುಕೊಂಡು ಕಾರ್ಡು ಕೇಳುತ್ತಾರೆ.